ಕಡೀಕ ಬರೋ ‘ಬ್ಯಾಡ’

ಐದು ಬೀಡಿ ಕೇಳಿದ್ದಕ್ಕೆ ಅಂಗಡಿಯವನು ಮೂರು ಕೊಟ್ಟ. ತಪ್ಪು ಅವನದಲ್ಲ. ನೀಲಪ್ಪ ಬಾಯಿಬಿಟ್ಟು ಕೇಳಿರಲಿಲ್ಲ. ಹಳೆಯ ಅಭ್ಯಾಸದಂತೆ ಬಲಗೈ ಎತ್ತಿ, ಬೆರಳು ಅಗಲಿಸಿ ತೋರಿಸಿದ್ದ. ಅಂಗಡಿಯವನು ಹೊಸಬ, ರಟ್ಟೀಹಳ್ಳಿ ಕಡೆಯವನು. ಕಂಡ ಬೆರಳಿಗೆ ಒಂದೊಂದರಂತೆ ಬೀಡಿ ಎಣಿಸಿ ಕೈಗಿಟ್ಟ. ಹೆಬ್ಬೆರಳಿಗೊಂದು, ತೋರುಬೆರಳಿಗೊಂದು, ನಡುವಿನದಕ್ಕೊಂದು. ಅಲ್ಲಿಗೆ ನೀಲಪ್ಪನ ಕೈ ಮುಗಿದುಹೋಗುತ್ತಿತ್ತು. ಇನ್ನೆರಡು ಕೊಡು ಎನ್ನಲು ಬಾಯಿ ತೆರೆದವನು ಸುಮ್ಮನಾದ. ಯಾವ ಎರಡು ಎಂದು ಅವನು ಕೇಳಿದರೆ ಕಥೆ ಹೇಳಬೇಕು. ಕಥೆ ಹೇಳಿದರೆ ಅವನು ‘ಪಾಪ’ ಎನ್ನುತ್ತಾನೆ. ಪಾಪ ಎಂದವರು ದುಡ್ಡು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಹುಬ್ಬಳ್ಳಿಯ ದವಾಖಾನೆಯಿಂದ ಬಂದ ಹೊಸದರಲ್ಲಿ ಅರ್ಧ ಸವಣೂರು ಅವನಿಗೆ ಪುಕ್ಕಟೆ ಚಹಾ ಕುಡಿಸಿತ್ತು. ಮೊದಮೊದಲು ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು? ಆಮೇಲೆ ಪ್ರತಿ ಕಪ್ಪಿನಲ್ಲೂ ಸಕ್ಕರೆ ಒಂದು ಚಮಚೆ ಹೆಚ್ಚೇ ಬಿದ್ದಿದೆ ಎನಿಸತೊಡಗಿತು. ಈಗ ಮೂರೇ ಬೀಡಿಯನ್ನು ಜೇಬಿಗೆ ಇಳಿಸಿ, ನಯಾ ಪೈಸೆಯ ಚಿಲ್ಲರೆಯನ್ನು ಎಡಗೈಯಲ್ಲಿ ಇಸಿದುಕೊಂಡು ಅವನು ಯಲವಿಗಿ ರಸ್ತೆ ಹಿಡಿದ.

ಇವತ್ತು ಜಿನ್ನಿಗೆ ಮರಳುವ ದಿನ. ಜಿನ್ನು ಎಂದರೆ ಹೊಳಬಸಪ್ಪ ಸಾವ್ಕಾರರ ಕಾರಖಾನೆ, ಹತ್ತಿಯಿಂದ ಬೀಜ ಬಿಡಿಸಿ ಅರಳೆ ಮಾಡುವ ಜಾಗ. ನೀಲಪ್ಪ ಅಲ್ಲಿ ಮಿಸ್ತ್ರಿ. ಯಂತ್ರ ಸಿಕ್ಕಿಕೊಂಡರೆ, ಚಾಕು ಸಡಿಲಾದರೆ, ಎಲ್ಲಿಂದಲೋ ಕಿರ್ರ್ ಎಂಬ ಸಪ್ಪಳ ಬಂದರೆ ಅಲ್ಲಿ ಕೈ ಹಾಕುವವನು. ಅವನ ಕಸಬನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಅಷ್ಟೇ, ಕೈ ಹಾಕುವುದು. ಸಾವ್ಕಾರರು ಮೊನ್ನೆ ತಾವಾಗಿಯೇ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಮಾತು ಮುಗಿಸಿದ್ದರು. “ನೋಡ ನೀಲಪ್ಪಾ, ನಾ ನಿನ್ನ ಕೈ ಬಿಡೂ ಮನಷ್ಯಾ ಅಲ್ಲ,” ಎಂದು ಶುರುಮಾಡಿ, ಕೈ ಎಂಬ ಮಾತು ಬಾಯಿಗೆ ಬಂದದ್ದಕ್ಕೆ ತಾವೇ ಪೇಚಾಡಿ, ಒಮ್ಮೆ ಕೆಮ್ಮಿ, “ನೀ ಹ್ವಾದಾಗಿನಿಂದ ಮೂರನೇ ಯಂತ್ರ ನಿಂತೈತಿ. ಅದನ್ನ ನೆಟ್ಟಗ ಮಾಡಿ ನಡಸಿದಿ ಅಂದ್ರ ನೀನ ಮಿಸ್ತ್ರಿ. ಆಗೂದಿಲ್ಲಂದ್ರ ಗೇಟಿನ್ಯಾಗ ಸ್ಟೂಲ್ ಐತಿ, ಬೇವಿನ ನೆಳ್ಳೈತಿ. ಬಂದ್ ಗಾಡಿ ನೋಡು, ಹ್ವಾದ್ ಗಾಡಿ ನೋಡು. ಅದೂ ಕೆಲಸನ,” ಎಂದಿದ್ದರು. ಒಳ್ಳೆಯ ಮನುಷ್ಯನೇ. ಆದರೆ ಆ ‘ಅದೂ ಕೆಲಸನ’ ಎಂಬುದನ್ನು ಅವರು ಸಮಾಧಾನ ಹೇಳುವ ದನಿಯಲ್ಲಿ ಹೇಳಿದ್ದರು. ಮಿಸ್ತ್ರಿಯ ಕೆಲಸಕ್ಕೆ ಯಾರೂ ಹಾಗೆ ಸಮಾಧಾನ ಹೇಳಿರಲಿಲ್ಲ.

ಹೆಂಡತಿ ಉಡಚವ್ವನಿಗೆ ಆ ಸ್ಟೂಲು ಕನಸಿನಲ್ಲೂ ಬರುತ್ತಿತ್ತು. ಗಂಡ ನೆರಳಲ್ಲಿ ಕುಳಿತು, ಗಾಡಿಯವರಿಂದ ನಮಸ್ಕಾರ ಹೊಡೆಸಿಕೊಂಡು, ಸಂಜೆಗೆ ಹೋದಷ್ಟೇ ಮೈಯಿಂದ ವಾಪಸು ಬರುವುದು ಸಣ್ಣ ಮಾತೇ? ಬೆಳಿಗ್ಗೆ ಬುತ್ತಿಗಂಟು ಕೈಗೆ ಕೊಡುತ್ತ ಅವಳು ಬಾಗಿಲಲ್ಲಿ ನಿಂತು, “ಹೋಗ...” ಎಂದಳು. ಅವನು ಹೊರಟೇಬಿಟ್ಟ. ಎರಡು ಹೆಜ್ಜೆ ಇಟ್ಟ ಮೇಲೆ, “...ಬ್ಯಾಡ್ರಿ ಆ ಯಂತ್ರದ ಸನೇಕ,” ಎಂಬ ಉಳಿದರ್ಧ ಬಂದು ಬೆನ್ನಿಗೆ ತಾಗಿತು. ನೀಲಪ್ಪನಿಗೆ ಇದೊಂದು ಹೊಸ ಗೀಳು ಹತ್ತಿತ್ತು, ಮಾತಿನ ಬಾಲ ಕಾಯುವುದು. ಮಾಡಬ್ಯಾಡ ಎನ್ನುವಾಗ ಮೊದಲು ಬರುವುದು ‘ಮಾಡು’, ಕುಡೀಬ್ಯಾಡ ಎನ್ನುವಾಗ ‘ಕುಡಿ’. ಹೇಳುವುದನ್ನೆಲ್ಲ ಹೇಳಿ, ಮಾಡಿಸುವುದನ್ನೆಲ್ಲ ಮಾಡಿಸಿ, ಕಡೆಗೆ ನೆನಪಾದವರಂತೆ ‘ಬ್ಯಾಡ’ ಎನ್ನುತ್ತೇವೆ. ಪಂಕ್ತಿಯಲ್ಲಿ ಬಡಿಸುವವನು ಹುಗ್ಗಿಯನ್ನು ಎಲೆಗೆ ಸುರಿದಾದ ಮೇಲೆ ಉಣ್ಣುವವನು ಸಾಕು ಸಾಕು ಎಂದ ಹಾಗೆ. ಹುಟ್ಟಿದಾಗಿನಿಂದ ಈ ಮಾತು ಆಡಿದ ನೀಲಪ್ಪ ಇದನ್ನು ಗಮನಿಸಿದ್ದೇ ಇಲ್ಲ. ಗಮನಿಸಲಿಕ್ಕೆ ಎರಡು ಬೆರಳು ಕೊಡಬೇಕಾಯಿತು. ತಿರುಗಿ ನೋಡಿ ಉಡಚವ್ವನಿಗೆ, “ಹೋಗಿ ಬರ್ತೇನಿ” ಎಂದ. ಅವಳು ಅದರಲ್ಲಿ ‘ಹೋಗಿ’ ಎಂಬುದನ್ನಷ್ಟೇ ಕೇಳಿದವಳ ಹಾಗೆ ಮುಖ ಮಾಡಿದಳು.

ರಸ್ತೆಯ ತುಂಬ ಹತ್ತಿಯ ಗಾಡಿಗಳು. ಬೇಲಿಯ ಜಾಲಿಮುಳ್ಳಿಗೆಲ್ಲ ಹತ್ತಿಯ ಎಳೆ ಸಿಕ್ಕಿಕೊಂಡು ಊರಿಗೆ ಊರೇ ನರೆತಂತೆ ಕಾಣುತ್ತಿತ್ತು. ಎಲೆತೋಟದ ಕಡೆಯಿಂದ ತಂಪು ಗಾಳಿ ಬಂತು. ಅದರ ವಾಸನೆಗೆ ನೀಲಪ್ಪನ ಬಾಯಿ ತಾನಾಗಿ ನೀರಾಡಿತು. ಸವಣೂರಿನಲ್ಲಿ ಹುಟ್ಟಿ ಎಲೆಯಡಿಕೆ ಬಿಟ್ಟವನು ಎಂದರೆ ಊರಿಗೆ ಅವಮಾನ ಮಾಡಿದವನೇ ಸರಿ, ಆದರೆ ಅವನು ಬಿಟ್ಟಿದ್ದ. ಯಾರಿಗೂ ಕಾರಣ ಹೇಳಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ, ಬೆರಳು ಹೋದ ಆ ಮಧ್ಯಾಹ್ನವೂ ಇಂಥದೇ ಗಾಳಿ. ಊಟ ಮುಗಿದಿತ್ತು, ಬಾಯಲ್ಲಿ ಎರಡು ಎಲೆ, ಅಡಿಕೆ, ಬೆರಳಷ್ಟು ತಂಬಾಕು. ಮೂರನೆಯ ಯಂತ್ರದಲ್ಲಿ ಚರ್ಮ ಸುತ್ತಿದ ಉರುಳೆಗೂ ಅದಕ್ಕೆ ಒತ್ತಿ ನಿಂತ ಚಾಕುವಿಗೂ ನಡುವೆ ಹತ್ತಿ ಗಂಟಾಗಿ ಸಿಕ್ಕಿಬಿದ್ದಿತ್ತು. ಎಲ್ಲ ಯಂತ್ರಗಳನ್ನೂ ನಿಲ್ಲಿಸಿದ್ದರು. ಇಂಜಿನ್ನು ಇರುವುದು ಗೋಡೆಯಾಚೆಯ ಖೋಲಿಯಲ್ಲಿ. ಅದನ್ನು ಸಂಜೆಯ ತನಕ ಯಾರೂ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ಮತ್ತೆ ಎಬ್ಬಿಸಲು ನಾಲ್ಕಾಳು ಬೇಕು. ಗೋಡೆಯ ಕಿಂಡಿಯಿಂದ ಅಗಲವಾದ ಪಟ್ಟಾ ಈಚೆ ಬಂದು ಯಂತ್ರಗಳನ್ನು ತಿರುಗಿಸುತ್ತದೆ. ಮರದ ಹಿಡಿಕೆಯನ್ನು ಒಂದು ಕಡೆ ಒತ್ತಿದರೆ ಪಟ್ಟಾ ಬರಿದೇ ತಿರುಗುವ ಗಾಲಿಯ ಮೇಲೆ ಆಡಿಕೊಂಡಿರುತ್ತದೆ, ಯಂತ್ರಗಳು ಸುಮ್ಮನಿರುತ್ತವೆ. ಇನ್ನೊಂದು ಕಡೆ ಒತ್ತಿದರೆ ಪಕ್ಕದ ಗಾಲಿಗೆ ಸರಿದು ಅಷ್ಟೂ ಯಂತ್ರಗಳು ಒಮ್ಮೆಲೇ ಎದ್ದು ಕುಣಿಯುತ್ತವೆ. ಹಿಡಿಕೆಯನ್ನು ಸಿಕ್ಕಿಸಿಡಲು ಗೂಟವಿಲ್ಲ. ಆಚೆ ಇಂಜಿನ್ನು ನೋಡಿಕೊಳ್ಳುವ ಖಲಂದರನ ಕೈಯೇ ಗೂಟ.

ಅವತ್ತು ಖಲಂದರ ಎಂದಿನಂತೆ ಕಿಂಡಿಗೆ ಬಾಯಿಟ್ಟು, “ಬಿಡ್ಲೇನೋ?” ಎಂದು ಕೂಗಿದ್ದ, ಯಂತ್ರಗಳಿಗೆ ಪಟ್ಟಾ ಬಿಡಲೇ ಎಂದು. ನೀಲಪ್ಪನ ಕೈ ಯಂತ್ರದೊಳಗೆ, ಬಾಯಿ ತುಂಬ ರಸ. ಬಿಳಿ ಅರಳೆಯ ನಡುವೆ ಉಗುಳಿದರೆ ಸಾವ್ಕಾರರು ಸುಮ್ಮನೆ ಬಿಡುವುದಿಲ್ಲ. ಅದಕ್ಕೆ ಎಲೆ ಹಾಕುವ ಎಲ್ಲರ ಹಾಗೆ ಗದ್ದ ಮೇಲೆತ್ತಿ, ರಸ ತುಳುಕದ ಹಾಗೆ ಕೆಳತುಟಿ ಮುಂದೆ ಮಾಡಿ, “ಬಿಡಬ್ಯಾಡೋ” ಎಂದ. ಅಂದನೋ? ಅಲ್ಲಿಯೇ ಇದೆ ತೊಡಕು. ‘ಬಿಡ’ ಎಂದದ್ದು ಖಂಡಿತ. ‘ಬ್ಯಾಡೋ’ ಎಂಬುದು ಹಲ್ಲಿನ ಈಚೆ ಬಂತೋ, ರಸದ ಜೊತೆ ಗಂಟಲಿಗೆ ಇಳಿಯಿತೋ, ಕಿಂಡಿಯ ತನಕ ಹೋಗಿ ಇಂಜಿನ್ನಿನ ಧುಬುಧುಬುವಿಗೆ ಸಿಕ್ಕು ಸತ್ತಿತೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ನೋವಿನ ನೆನಪೂ ಅಷ್ಟಿಲ್ಲ. ನೆನಪಿರುವುದು ಇಷ್ಟೇ: ಅರಳೆಯ ಮೇಲೆ ಕೆಂಪು ಚೆಲ್ಲಿತ್ತು, ಅಯ್ಯೋ ಉಗುಳಿಬಿಟ್ಟೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ಯಂತ್ರಕ್ಕೆ ಹತ್ತಿ ಉಣಿಸುವ ಹುಚ್ಚವ್ವನಿಗೂ ಹಾಗೇ ಕಂಡು, “ಎಲ್ಲಿ ಉಗುಳಿದ್ಯೋ ಮುಕಳ್ಯಾ!” ಎಂದು ಬೈದಿದ್ದಳು. ಬೈದವಳು ಆಮೇಲೆ ನೋಡಿದಳು. ನೋಡಿ, ತನ್ನ ಸೆರಗನ್ನೇ ಹರಿದು ಸುತ್ತಿದಳು. ಆ ಸೀರೆ ಹೊಸದು.

ಗೇಟಿನಲ್ಲಿ ಸ್ಟೂಲು ಇತ್ತು. ನೀಲಪ್ಪ ಅದನ್ನು ನೋಡದಂತೆ ನೋಡಿದ. ಮೂರು ಕಾಲಿನದು, ಕುಂಟುತ್ತಿರಲಿಲ್ಲ. ಬೇವಿನ ಹೂವು ಉದುರಿ ಅದರ ಮೇಲೆ ಒಂದು ಪದರ ಬಿದ್ದಿತ್ತು. ಒಮ್ಮೆ ಕುಳಿತು ನೋಡಿದರೆ ಹೇಗೆ ಎಂಬ ಯೋಚನೆ ಬಂದು, ಕುಳಿತವನು ಏಳಲಾರ ಎಂಬ ಇನ್ನೊಂದು ಯೋಚನೆ ಅದರ ಬೆನ್ನಿಗೇ ಬಂತು. ಒಳಗೆ ಕಾಲಿಟ್ಟರೆ ಯಂತ್ರಗಳೆಲ್ಲ ನಿಂತಿದ್ದವು. ಅವನಿಗಾಗಿಯೇ ನಿಲ್ಲಿಸಿದ್ದರಂತೆ. ಹೆಂಗಸರು ಹತ್ತಿಯ ರಾಶಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ನಾಟಕ ನೋಡಲು ಬಂದವರ ಹಾಗೆ ಕುಳಿತಿದ್ದರು. “ಬಾರೋ ನೀಲಪ್ಪಾ, ಬ್ಯಾಡ ನಾಚು,” ಎಂದಳು ಹುಚ್ಚವ್ವ. ಅವನಿಗೆ ತಿಳಿಯಲಿಲ್ಲ. “ಹಂಗಂದ್ರ?” “ನಾಚಬ್ಯಾಡ ಅಂತ! ನಿನಗ ಗೊತ್ತಿಲ್ಲೇನ? ಸಾವ್ಕಾರ್ರು ಕಾಯ್ದೆ ಮಾಡ್ಯಾರ. ಜಿನ್ನಿನ್ಯಾಗ ಇನ್ನ ಮ್ಯಾಲೆ ಬ್ಯಾಡ ಅನ್ನೂದು ಮೊದ್ಲ ಬರಬೇಕಂತ. ಬಾರಿಸಾಕ ಗಂಟಿ ಕಟ್ಟಸ್ತೇನಿ ಅಂದಿದ್ರು, ಗಂಟಿಗಿಂತ ಇದ ಸೋವಿ ಬಿತ್ತು.” ಹೆಂಗಸರೆಲ್ಲ ನಕ್ಕರು. ಇವರ ಬಾಯಲ್ಲಿ ಆ ಕಾಯ್ದೆ ಆಟವಾಗಿತ್ತು. ಬ್ಯಾಡ ನೂಕು, ಬ್ಯಾಡ ಕುಂದ್ರು, ಬ್ಯಾಡ ನಗು. “ರೂಢಿ ಬಿದ್ದು ರಾತ್ರಿ ಮನ್ಯಾಗ ಗಂಡಗೂ ‘ಬ್ಯಾಡ ಮುಟ್ಟು’ ಅಂದೆ ನೋಡು. ಅಂವಗ ಬ್ಯಾಡ ಕೇಳಲಿಲ್ಲ, ಮುಟ್ಟು ಅಂದದ್ದಷ್ಟ ಕೇಳ್ತು. ಮೊದಲಿಟ್ರೂ ಅಷ್ಟ, ಕಡೀಕ ಇಟ್ರೂ ಅಷ್ಟ. ಗಂಡಸರ ಕಿವಿ!” ಎಂದಳು ಹುಚ್ಚವ್ವ. ನಗು ಮತ್ತೆ ಎದ್ದಿತು. ನೀಲಪ್ಪನೂ ನಕ್ಕ. ನಗುತ್ತಲೇ, ತನ್ನ ಎರಡು ಬೆರಳು ಹೋಗಿ ಇಷ್ಟು ಜನಕ್ಕೆ ಒಂದು ಚೇಷ್ಟೆಯ ಮಾತು ಹುಟ್ಟಿತಲ್ಲ ಎಂದು ಒಂದು ಕ್ಷಣ ಸಿಟ್ಟೂ, ಮರುಕ್ಷಣ ಎಂಥದೋ ಹಗುರವೂ ಆಯಿತು. ಕಣ್ಣೀರಿಗಿಂತ ಇದು ಲೇಸು. “ಕೈ ಕೆಸರಾದ್ರ ಬಾಯಿ ಮೊಸರಂತಾರ,” ಎಂದು ಹುಚ್ಚವ್ವ ಮೆಲ್ಲಗೆ ಸೇರಿಸಿದಳು, “ನಿಂದು ಬಾಯಿ ಕೆಂಪಾಗಿ ಕೈ ಹೋತು.” ಅಂದರೆ ಇವಳಿಗೆ ಗೊತ್ತಿತ್ತು. ಬಾಯಲ್ಲಿ ಎಲೆ ಇದ್ದುದನ್ನು ಎಲ್ಲರೂ ನೋಡಿದ್ದರು, ತಾನೊಬ್ಬನೇ ಇಷ್ಟು ದಿನ ಅದನ್ನು ಗುಟ್ಟಿನಂತೆ ಬಚ್ಚಿಟ್ಟುಕೊಂಡು ತಿರುಗಿದ್ದ.

ಖಲಂದರ ಇಂಜಿನ್ ಖೋಲಿಯ ಬಾಗಿಲಿಗೆ ಬಂದು ನಿಂತ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಹಂಗಾಮಿನಲ್ಲಿ ಇಲ್ಲಿ ಕೆಲಸಕ್ಕೆ ಸೇರಿದವರು. ದವಾಖಾನೆಯ ದಿನಗಳಲ್ಲಿ ಖಲಂದರ ತಪ್ಪದೆ ಬರುತ್ತಿದ್ದ, ಮೂಸಂಬಿ ತರುತ್ತಿದ್ದ, ತಂದದ್ದನ್ನು ಮಾತಿಲ್ಲದೆ ತಾನೇ ಸುಲಿದು ತಾನೇ ಅರ್ಧ ತಿನ್ನುತ್ತಿದ್ದ. ಒಮ್ಮೆ ಮಾತ್ರ, ತಲೆ ಎತ್ತದೆ, “ನಮ್ಮ ಮನೀ ಮಾತಿನ್ಯಾಗ ಹಂಗಿಲ್ಲ ನೋಡ ನೀಲ್ಯಾ. ನಕ್ಕೋ ಛೋಡ್ ಅಂತೇವಿ. ಬ್ಯಾಡ ಅನ್ನೂ ನಕ್ಕೋ ಮೊದ್ಲ ಬರ್ತೈತಿ,” ಎಂದಿದ್ದ. ಚೇಷ್ಟೆಗೆ ಅಂದದ್ದೇ ಇರಬೇಕು. ಇಬ್ಬರೂ ನಗಲಿಲ್ಲ. ನೀಲಪ್ಪ ಊರಿಗೆಲ್ಲ, ಖಲಂದರನ ತಪ್ಪಿಲ್ಲ, ಅವನ ತಪ್ಪಿಲ್ಲ ಎಂದು ಹೇಳಿಕೊಂಡು ಬಂದಿದ್ದ. ಎಷ್ಟು ಸಲ ಹೇಳಿದ್ದನೆಂದರೆ ಕೇಳಿದವರಿಗೆ, ಹಾಗಾದರೆ ಅವನದೇ ಇರಬೇಕು ಎಂಬ ಸಂಶಯ ಬರುವಷ್ಟು. ಅದನ್ನು ಬೇಕಂತಲೇ ಮಾಡಿದನೇನು ತಾನು? ಈ ಪ್ರಶ್ನೆ ನಡುನಡುವೆ ಬಂದು ಅವನನ್ನು ಚುಚ್ಚುತ್ತಿತ್ತು. ಈಗ ಖಲಂದರನ ಮುಖ ನೋಡಿದ. ಎಡಗಿವಿಯಲ್ಲಿ ಹತ್ತಿ! ಎಣ್ಣೆಯಲ್ಲಿ ತೊಯ್ದು ಹಳದಿಯಾದ ಉಂಡೆ. ಬೆಳ್ಳುಳ್ಳಿಯ ವಾಸನೆ ಇಲ್ಲಿಯ ತನಕ ಬರುತ್ತಿತ್ತು.

“ಏನಾಗೈತಿ ಕಿವಿಗೆ?” ಎಂದ ನೀಲಪ್ಪ.

“ಏನಿಲ್ಲ, ಬಂಕಾಪುರದ ಹಕೀಮರು ಎಣ್ಣಿ ಕೊಟ್ಟಾರ. ಸುಮ್ನ ಇರ್ಲಿ ಅಂತ ಹಾಕ್ಕೊಂಡೇನಿ,” ಎಂದು ಖಲಂದರ ಕಿವಿಯನ್ನು ರುಮಾಲಿನ ಅಂಚಿನಿಂದ ಮುಚ್ಚಿಕೊಂಡ. ಆಮೇಲೆ ನೀಲಪ್ಪನ ಬಾಯಿ ನೋಡಿ, “ನೀ ಎಲಿ ಬಿಟ್ಟಿಯಂತ?” ಎಂದ.

“ಹೂಂ. ಸುಮ್ನ.”

ಇಬ್ಬರ ‘ಸುಮ್ನ’ವೂ ಅಲ್ಲಿ ಎದುರುಬದುರು ನಿಂತವು. ಇವನು ತನ್ನ ಬಾಯಿಯ ತಪ್ಪೆಂದು ಎಲೆ ಬಿಟ್ಟಿದ್ದ; ಅವನು ತನ್ನ ಕಿವಿಯ ತಪ್ಪೆಂದು ಎಣ್ಣೆ ಬಿಡಿಸಿಕೊಂಡಿದ್ದ. ನೀಲಪ್ಪನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅದರ ಹಿಂದೆಯೇ ಇನ್ನೊಂದು ಮಾತು ಹೊಳೆಯಿತು. ಮೊದಲೇ ಕೇಳಿಸದ ಕಿವಿ, ಈಗ ಅದಕ್ಕೆ ಹತ್ತಿ ಬೇರೆ ತುರುಕಿಕೊಂಡಿದ್ದಾನೆ! ಇವನ ಕೈಗೆ ಹಿಡಿಕೆ ಕೊಟ್ಟು ತಾನು ಯಂತ್ರದಲ್ಲಿ ಕೈಯಿಡಬೇಕು. ಹತ್ತಿ ತೆಗೆ ಎನ್ನಬಹುದು. ಎಂದರೆ, ನಿನ್ನ ಕಿವಿಯದೇ ತಪ್ಪು ಎಂದು ಮುಖಕ್ಕೆ ಹೊಡೆದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯಂತೆ ಅವನು ಅತ್ತಲೂ ಆಗದೆ ಇತ್ತಲೂ ಆಗದೆ ನಿಂತ. ಖಲಂದರ ಒಳಗೆ ಹೋದ. ಇಂಜಿನ್ನಿನ ಧುಬುಧುಬು ಇದ್ದೇ ಇತ್ತು. ಪಟ್ಟಾ ಬರಿದೇ ತಿರುಗುವ ಗಾಲಿಯ ಮೇಲೆ ಪಟಪಟ ಆಡುತ್ತಿತ್ತು.

ಸಾವ್ಕಾರರು ತಕ್ಕಡಿಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು. “ಹೂಂ, ಆಗ್ಲಿ,” ಎಂದರು. ನೀಲಪ್ಪ ಮೂರನೆಯ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಯಾರೋ ಅದನ್ನು ತೊಳೆದು ಒರೆಸಿ ಇಟ್ಟಿದ್ದರು. ಚಾಕು ಒಂದು ಪಕ್ಕಕ್ಕೆ ಇಳಿದಿತ್ತು, ಅದರ ಬುಡದಲ್ಲಿ ಹಳೆಯ ಹತ್ತಿ ಒಣಗಿ ಗಟ್ಟಿಯಾಗಿತ್ತು. ಅದನ್ನು ಕಿತ್ತು ತೆಗೆದರೆ ಮುಗಿಯಿತು, ಚಾಕು ತಾನಾಗಿ ತನ್ನ ಜಾಗಕ್ಕೆ ಬರುತ್ತದೆ. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನ ಕೆಲಸ. ನೀಲಪ್ಪ ಬಲಗೈ ಚಾಚಿದ. ಕೈ ಚಾಕುವಿನ ಗೇಣಂತರದ ತನಕ ಹೋಗಿ ನಿಂತಿತು. ಅವನು ನಿಲ್ಲಿಸಲಿಲ್ಲ, ಅದೇ ನಿಂತಿತು. ಎತ್ತು ಹೊಳೆಯ ಅಂಚಿಗೆ ಬಂದು ಕಾಲು ಊರಿ ನಿಂತರೆ ಎಷ್ಟು ಹೊಡೆದರೂ ಕದಲುವುದಿಲ್ಲವಲ್ಲ, ಹಾಗೆ. ಇಲ್ಲದ ಎರಡು ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಇರುವ ಮೂರಕ್ಕೆ ಏನೂ ಆಗಲಿಲ್ಲ, ಹೆದರಿದ್ದು ಹೋದವೇ. ಅವನು ಅಂಗಿಯ ತೋಳು ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ಎಡಗೈ ಹಾಕಿ ನೋಡಿದ. ಎಡಗೈ ಅಣ್ಣನ ನಡತೆ ನೋಡಿ ಕಲಿತ ತಮ್ಮನಂತೆ ಇನ್ನೂ ಒಂದು ಗೇಣು ಹಿಂದೆಯೇ ನಿಂತಿತು. ಹೆಂಗಸರ ಗುಜುಗುಜು ಅಡಗಿತು. ಗುಜುಗುಜು ಇದ್ದಾಗಲೇ ಚೆನ್ನಾಗಿತ್ತು. ಈಗ ಅವರೆಲ್ಲ ಹತ್ತಿಯ ಕಸ ಆರಿಸುವ ನೆಪ ಮಾಡಿ ಬೇರೆ ಕಡೆ ನೋಡುತ್ತಿದ್ದರು. ಆ ದಯೆ ಅವನಿಗೆ ಬೆತ್ತದಂತೆ ತಾಗಿತು. ಸಾವ್ಕಾರರು ಮತ್ತೊಮ್ಮೆ ಕೆಮ್ಮಿದರು. ಅವರ ಕೆಮ್ಮು ಏನು ಹೇಳುತ್ತದೆಂದು ನೀಲಪ್ಪನಿಗೆ ಗೊತ್ತಿತ್ತು: ಅದೂ ಕೆಲಸನ.

“ಬ್ಯಾಡ... ಬಿಡ್ಲ್ಯಾ?” ಎಂದು ಕಿಂಡಿಯಿಂದ ಖಲಂದರನ ದನಿ ಬಂತು. ಹೊಸ ಕಾಯ್ದೆಗೆ ಸಿಕ್ಕು ಅವನ ಪ್ರಶ್ನೆಯೂ ಕುಂಟುತ್ತಿತ್ತು. ಬಿಡಲೋ ಬ್ಯಾಡವೋ ಎಂದು ಕೇಳುತ್ತಿದ್ದಾನೋ, ಬ್ಯಾಡ ಎಂದರೆ ಬಿಡುತ್ತೇನೆ ಎನ್ನುತ್ತಿದ್ದಾನೋ, ತಿಳಿಯುವ ಹಾಗಿರಲಿಲ್ಲ. ನೀಲಪ್ಪನ ಕೈ ಎರಡೂ ಹಾರಿ ಬಂದು ಕಂಕುಳಲ್ಲಿ ಸೇರಿಕೊಂಡವು. “ಬ್ಯಾಡ!” ಎಂದು ಕೂಗಿದ. “ಬ್ಯಾಡ, ಬ್ಯಾಡ, ಬಿಡಬ್ಯಾಡ, ಬ್ಯಾಡ ಬಿಡು!” ಹಿಂದೆ ಮುಂದೆ ಎರಡೂ ಕಡೆ ಕಟ್ಟಿದರೂ ಆ ಮಾತು ಅವನಿಗೆ ಗಟ್ಟಿ ಅನಿಸಲಿಲ್ಲ. ಕಂಕುಳಲ್ಲಿ ಕೈಯಿಟ್ಟು ಕೂಗುತ್ತಿರುವ ತಾನು ಹೇಗೆ ಕಾಣುತ್ತಿರಬಹುದೆಂದು ಯೋಚಿಸಿ ಅವನಿಗೆ ಅಳು ಬಂತು. ಹೌದು, ಅಳುವೇ. ಅವಮಾನವನ್ನು ಬೇರೆ ಹೆಸರಿಂದ ಕರೆದು ಪ್ರಯೋಜನವಿಲ್ಲ. ಸ್ಟೂಲೇ ಸರಿ. ಉಡಚವ್ವನಿಗೂ ಸಂತೋಷ. ಗಾಡಿಯವರು ನಮಸ್ಕಾರ ಹೊಡೆಯುತ್ತ ಇವನ ಕೈ ನೋಡುತ್ತಾರೆ, ನೋಡಲಿ. ಕಂಡಷ್ಟು ಬೆರಳಿಗೆ ಬೀಡಿ ಕೊಡುತ್ತಾರೆ, ಕೊಡಲಿ. ಏಳಲೆಂದು ಮೊಣಕಾಲ ಮೇಲೆ ಕೈಯೂರಿದ.

ಅಷ್ಟರಲ್ಲಿ ಇಂಜಿನ್ ಖೋಲಿಯ ಬಾಗಿಲಿಂದ ಖಲಂದರ ಹೊರಬಂದ. ಹಿಡಿಕೆ ಬಿಟ್ಟು! ಯಾರೋ ಯಂತ್ರದ ಮುಂದೆ ಕುಳಿತಿರುವಾಗ ಅವನು ಹಿಡಿಕೆ ಬಿಟ್ಟು ಬಂದದ್ದನ್ನು ಇಷ್ಟು ವರ್ಷದಲ್ಲಿ ಯಾರೂ ನೋಡಿರಲಿಲ್ಲ. ಸಾವ್ಕಾರರು ಕುರ್ಚಿಯಿಂದ ಅರ್ಧ ಎದ್ದು, “ಲೇ ಖಲಂದರ, ಅಲ್ಲಿ ಯಾರದಾರಲೇ?” ಎಂದರು. “ಯಾರೂ ಇಲ್ರಿ,” ಎಂದ ಖಲಂದರ, ನೆರೆಮನೆಗೆ ಬೆಂಕಿ ಕೇಳಲು ಹೊರಟವನಷ್ಟು ಸಲೀಸಾಗಿ. ಹೆಂಗಸರನ್ನು ದಾಟಿ ಬಂದು ನೀಲಪ್ಪನ ಪಕ್ಕದಲ್ಲಿ ಕುಕ್ಕರಿಸಿದ. “ಎಲ್ಲಿ ಸಿಕ್ಕೈತಿ?” ಎಂದ. ಉತ್ತರಕ್ಕೆ ಕಾಯದೆ, ಮಸಿ ಹತ್ತಿದ ಬಲಗೈಯನ್ನು ಉರುಳೆಗೂ ಚಾಕುವಿಗೂ ನಡುವೆ ಮೊಣಕೈಯ ತನಕ ಇಳಿಸಿದ.

ಇಂಜಿನ್ನಿನವನಿಗೆ ಯಂತ್ರದ ಹೊಟ್ಟೆಯ ಸಂಗತಿ ಏನು ಗೊತ್ತು? ಅವನು ತಪ್ಪು ಕಡೆ ತಡವುತ್ತಿದ್ದ. ಚಾಕುವಿನ ಬಾಯಿಗೇ ಬೆರಳು ಕೊಟ್ಟು, ಅಲ್ಲಿ ಇಲ್ಲದ ಗಂಟನ್ನು ಹುಡುಕುತ್ತಿದ್ದ. ಆಚೆ ಇಂಜಿನ್ನು ಧುಬುಧುಬು, ಪಟ್ಟಾ ಪಟಪಟ. ಪಟ್ಟಾ ತಾನಾಗಿ ಸರಿಯುತ್ತದೆ. ಮಳೆಗಾಲದ ತಂಪಿಗೆ, ಬೇಸಿಗೆಯ ಕಾವಿಗೆ, ಯಾವುದೂ ಇಲ್ಲದಿದ್ದರೆ ಬೇಸರಕ್ಕೆ ಕೂಡ. ಒಂದು ಸಲ ಹೀಗೆ ಸರಿದು ಜನರಿಲ್ಲದ ಜಿನ್ನಿನಲ್ಲಿ ಯಂತ್ರಗಳೆಲ್ಲ ಕುಣಿದದ್ದನ್ನು ನೀಲಪ್ಪ ಕಣ್ಣಾರೆ ಕಂಡಿದ್ದ. “ತಗೀ,” ಎಂದ. ದನಿ ಹೊರಡಲಿಲ್ಲ. “ತಗೀಯೋ ಕೈ! ಖಲಂದರ್, ತಗೀ!” ಖಲಂದರನ ಹತ್ತಿ ತುರುಕಿದ ಕಿವಿ ಈ ಕಡೆಗಿತ್ತು. ಅವನು ಇನ್ನಷ್ಟು ಬಗ್ಗಿದ. ಐದು ಬೆರಳು, ನೀಲಪ್ಪ ಎಣಿಸಿದ್ದು ಅದೊಂದನ್ನೇ, ಐದೂ ಅಲ್ಲಿವೆ. ಕುಲಸುಮಬಿಯ ಮುಖ ಕಣ್ಣಿಗೆ ಕಟ್ಟಿತು, ಖಲಂದರನ ಹೆಂಡತಿ, ಹಬ್ಬದ ದಿನ ಬಾಗಿಲ ಮರೆಯಿಂದ ಶೀರಕುರ್ಮಾದ ಬಟ್ಟಲು ಚಾಚುವವಳು. ಆಮೇಲೆ ಏನು ಯೋಚಿಸಿದನೋ ಯೋಚಿಸಲಿಲ್ಲವೋ, ಒಮ್ಮೆಲೇ ಖಲಂದರನ ಮುಂಗೈ ಯಾರದೋ ಹಿಡಿತದಲ್ಲಿತ್ತು, ಎಳೆದರೂ ಬಿಡದಷ್ಟು ಬಿಗಿ. ಯಾರು ಹಿಡಿದರು ಎಂದು ನೀಲಪ್ಪನೇ ಬಗ್ಗಿ ನೋಡಿದ. ಮೂರು ಬೆರಳಿನ ಕೈ. ಉರುಳೆಯ ಆಚೆ, ಚಾಕುವಿನ ಕೆಳಗೆ, ಮುಂಗೈಯ ತನಕ ಒಳಗೆ ಇಳಿದ ತನ್ನದೇ ಕೈ.

ಖಲಂದರ ಅವನ ಮುಖ ನೋಡಿ ನಕ್ಕ. ಆಗ ನೀಲಪ್ಪನಿಗೆ ಅವನ ತಲೆ ಬರಿದಾಗಿದ್ದುದು ಕಂಡಿತು. “ಹುಚ್ಚಪ್ಪ, ಹಿಡಿಕಿಗೆ ರುಮಾಲ ಬಿಗದ ಬಂದೇನಿ,” ಎಂದ ಖಲಂದರ. “ಎರಡ ಗಂಟು ಹಾಕೇನಿ. ನನ್ನ ಕೈ ಏನ ಬೇವಾರಸಿ ಮಾಲೇನ?”

ನೀಲಪ್ಪನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇವನನ್ನು ಅಲ್ಲೇ ನಾಲ್ಕು ಬಿಗಿಯಬೇಕೆನಿಸಿತು. ಆದರೆ ಬಿಗಿಯಬೇಕಾದ ಕೈ ಒಳಗಿತ್ತು, ಅದನ್ನು ಹೊರತೆಗೆಯುವುದು ಅವನಿಗೆ ಹೊಳೆಯಲೇ ಇಲ್ಲ. “ಮೊದ್ಲ ಆ ಕಿವ್ಯಾಗಿನ ಹತ್ತಿ ತಗದ ಒಗೀ ನೀ,” ಎಂದ, ಇಡೀ ಜಿನ್ನಿಗೆ ಕೇಳುವ ಹಾಗೆ. “ಹತ್ತಿ ತುರುಕ್ಕೊಂಡು ಇಂಜಿನ್ ಮುಂದ ನಿಂದರ್ತಾನಂತ, ಶಾಣ್ಯಾ!” ಹೇಳಿದ ಮೇಲೆ ಹೆದರಿದ. ಎರಡು ತಿಂಗಳಿಂದ ಯಾರಾದರೂ ಅನ್ನಲಿ ಎಂದು ಕಾದಿದ್ದ ಮಾತು ಕಡೆಗೂ ಬಂತು ಎಂಬಂತೆ ಖಲಂದರನ ಮುಖ ಸಡಿಲವಾಯಿತು. ಉಂಡೆಯನ್ನು ಕಿತ್ತು, ಮೂಸಿ, ಮುಖ ಕಿವಿಚಿ, ಕಿಟಕಿಯಾಚೆ ಎಸೆದ. “ಅದರ ವಾಸನೀಗೆ ಕುಲಸುಮಬಿ ಸೈತ ಸನೇಕ ಬಿಟ್ಕೊಂಡಿಲ್ಲ,” ಎಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾವ್ಕಾರರು ಕುರ್ಚಿಯಲ್ಲಿ ಪೂರ್ತಿ ಕುಳಿತು, “ಜಿನ್ನೋ ಧರ್ಮಶಾಲಿಯೋ ಇದು?” ಎಂದು ಗದರಿದರು. ಗದರಿಕೆಯಲ್ಲಿ ಕೆಮ್ಮು ಇರಲಿಲ್ಲ.

ಖಲಂದರ ತನ್ನ ಕೈ ಬಿಡಿಸಿಕೊಂಡು, ಮಂಡಿ ಝಾಡಿಸಿ ಎದ್ದು, ಹೋದ. ಬಾಗಿಲಲ್ಲಿ ತಿರುಗಿ ನೋಡಲಿಲ್ಲ. ಈಗ ಒಳಗೆ ಉಳಿದದ್ದು ನೀಲಪ್ಪನ ಕೈ ಒಂದೇ. ಅವನು ಬೆರಳಾಡಿಸಿ ನೋಡಿದ. ಮೂರು ಬೆರಳಿಗೆ ಒಂದು ಅನುಕೂಲವಿತ್ತು, ಇಕ್ಕಟ್ಟಿನ ಜಾಗದಲ್ಲಿ ಸುಲಭವಾಗಿ ಹಿಡಿಸುತ್ತಿದ್ದವು. ಒಣಗಿದ ಹತ್ತಿಯ ಗಂಟು ಚಾಕುವಿನ ಬುಡದಲ್ಲಿ, ಅವನು ಎಣಿಸಿದ್ದಲ್ಲಿಯೇ ಇತ್ತು. ಗಟ್ಟಿ ಇತ್ತು, ಎಳೆಎಳೆಯಾಗಿ ಬಿಡಿಸಬೇಕು. ಮೊದಲ ಎಳೆ ಬಂತು. ಬೆವರು ಕಣ್ಣಿಗಿಳಿಯಿತು. ಇನ್ನೊಂದು ಬಂತು.

“ಬಿಡ್ಲೇನೋ ನೀಲ್ಯಾ?” ಎಂದು ಕಿಂಡಿ ಕೇಳಿತು. ಕಾಯ್ದೆ ಗೀಯ್ದೆ ಬಿಟ್ಟು, ಹಳೆಯ ಹಾಗೆ. ಎಂದರೆ ರುಮಾಲು ಬಿಚ್ಚಿ ತಲೆಗೆ ಸುತ್ತಿಕೊಂಡಾಗಿದೆ, ಹಿಡಿಕೆ ಈಗ ಖಲಂದರನ ಕೈಯಲ್ಲಿದೆ.

‘ಬ್ಯಾಡ’ ಎಂಬ ಮಾತು ನೀಲಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಬಾಯಲ್ಲಿ ಎಲೆ ಇಲ್ಲ, ತಡೆ ಇಲ್ಲ, ಗಟ್ಟಿಯಾಗಿ ಹೇಳಿದರೆ ಗೋಡೆ ಒಡೆದುಕೊಂಡು ಹೋಗುತ್ತದೆ. ಅವನು ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಹುಚ್ಚವ್ವ ಅರ್ಧ ಎದ್ದು, “ಹೇಳೋ, ಕೈ ಒಳಗೈತಿ! ಬಾಯಾಗ ಎಲಿನೂ ಇಲ್ಲ, ಹೇಳಾಕ ಏನ ಧಾಡಿ?” ಎಂದು ಪಿಸುಗುಟ್ಟಿದಳು. ಅವನು ತಲೆಯಲ್ಲಾಡಿಸಿ ಅವಳನ್ನು ಕೂಡಿಸಿದ.

“ಬಿಡ್ಲೇನೋ?” ಇನ್ನೊಮ್ಮೆ.

ನೀಲಪ್ಪ ಇನ್ನೊಂದು ಎಳೆ ಕಿತ್ತ. ಗೋಡೆಯಾಚೆ ಖಲಂದರ ಮೂರನೆಯ ಸಲ ಕೇಳಲಿಲ್ಲ, ಹಿಡಿಕೆಯನ್ನೂ ಒತ್ತಲಿಲ್ಲ. ಪಟ್ಟಾ ಇದ್ದಲ್ಲೇ ಪಟಪಟ ಆಡುತ್ತಿತ್ತು. ನೀಲಪ್ಪ ಕೈಯನ್ನು ಇನ್ನಷ್ಟು ಒಳಗೆ ಇಳಿಸಿದ.